ಜಿಂಕೆ ಮರಿಗಿಟ್ಟ ಗಿಣ್ಣುಹಾಲು

ಲಕ್ಷ್ಮೀಶನಿಗೆ ಯೋಗೀಶನನ್ನು ಕಂಡರೆ ಹೊಟ್ಟೆ ಉರಿಯುತ್ತಿತ್ತು. ಇದನ್ನು ಸುತ್ತಿಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಅವನು ಮಾತ್ರ ಅದನ್ನು ಯಾರ ಮುಂದೆಯೂ ಒಪ್ಪಿಕೊಂಡವನಲ್ಲ. ಹೆಂಡತಿ ವಸಂತಾ ಕೇಳಿದರೆ, "ಅವನ ಕೆಲಸದ ರೀತಿ ಸರಿಯಿಲ್ಲ ಕಣೆ" ಎನ್ನುತ್ತಿದ್ದ. ಕೆಲಸದ ರೀತಿ ಸರಿಯಾಗಿಯೇ ಇತ್ತು. ಉರಿಗೆ ಕಾರಣವೂ ಅದೇ.

ಇಬ್ಬರೂ ಕೀತ್ ಎಂಬ ಮುದುಕನ ಫಾರ್ಮಿನಲ್ಲಿ ಕೆಲಸಕ್ಕಿದ್ದರು. ಮೆಲ್ಬರ್ನಿನ ಉತ್ತರದ ಅಂಚಿನ ಕ್ರೇಗಿಬರ್ನ್ ದಾಟಿ ಇಪ್ಪತ್ತೈದು ನಿಮಿಷ ಕಾರು ಓಡಿಸಿದರೆ ಆ ಫಾರ್ಮ್. ಬೇಲಿಯ ಈಚೆ ಇನ್ನೂರು ಹಾಲು ಕರೆಯುವ ಹಸುಗಳು, ಆಚೆ ಆರಡಿ ಎತ್ತರದ ತಂತಿಬಲೆಯೊಳಗೆ ತೊಂಬತ್ತು ಕೆಂಪು ಜಿಂಕೆಗಳು. ಲಕ್ಷ್ಮೀಶ ಚಿಂತಾಮಣಿ ಕಡೆಯವನು. ಊರಲ್ಲಿ ಹಾಲಿನ ಸೊಸೈಟಿಯ ಪರವಾಗಿ ಮನೆಮನೆಗೆ ಹೋಗಿ ಹಸುಗಳಿಗೆ ಇಂಜೆಕ್ಷನ್ ಕೊಡುತ್ತಿದ್ದ. ಇಂಜೆಕ್ಷನ್ ಎಂದರೆ ಗಬ್ಬ ಕಟ್ಟಿಸುವ ಇಂಜೆಕ್ಷನ್. ಇಲ್ಲಿಗೆ ಡೈರಿ ಡಿಪ್ಲೊಮಾ ಓದಲು ಬಂದು, ಕಾಯಂ ನೆಲೆಸುವ ಪಿಆರ್ ಪಡೆದು, ಕೀತ್ ಬಳಿ ಆರು ವರ್ಷ ಕಳೆದಿದ್ದ.

ಹಸುಗಳ ವಿಷಯದಲ್ಲಿ ಅವನನ್ನು ಮೀರಿಸುವವರು ಆ ಜಿಲ್ಲೆಯಲ್ಲೇ ಇರಲಿಲ್ಲ. ಬೇರೆ ಫಾರ್ಮುಗಳಲ್ಲಿ ಹಸುವಿನ ಬಾಲದ ಬುಡಕ್ಕೆ ಬಣ್ಣ ಬಳಿದಿಟ್ಟು, ಬಣ್ಣ ಅಳಿಸಿದರೆ ಅದರ ಮೇಲೆ ಬೇರೆ ಹಸು ಹತ್ತಿದೆ, ಬೆದೆಗೆ ಬಂದಿದೆ ಎಂದು ತಿಳಿಯುತ್ತಾರೆ. ಲಕ್ಷ್ಮೀಶನಿಗೆ ಬಣ್ಣ ಬೇಡ. ಬೆಳಿಗ್ಗೆ ಹಸುಗಳು ಹಾಲಿನ ಶೆಡ್ಡಿಗೆ ಬರುವಾಗ ಗೇಟಿನ ಬಳಿ ನಿಂತು, "ಇದು ಸಂಜೆಗೆ, ಅದು ನಾಳೆ ಬೆಳಿಗ್ಗೆಗೆ" ಎಂದುಬಿಡುತ್ತಿದ್ದ. ಹತ್ತರಲ್ಲಿ ಒಂಬತ್ತು ಸಲ ಅವನ ಮಾತು ತಪ್ಪುತ್ತಿರಲಿಲ್ಲ.

ಜಿಂಕೆಗಳು ಮಾತ್ರ ಅವನ ಕೈಗೆ ಒಗ್ಗಲಿಲ್ಲ. ಹಸುವಿನ ಬೆನ್ನ ಮೇಲೆ ಫಟ್ ಎಂದು ಹೊಡೆದು "ನಡಿಯೇ" ಎಂದರೆ ನಡೆಯುತ್ತದೆ. ಜಿಂಕೆಯ ಮುಂದೆ ಜೋರಾಗಿ ಕೆಮ್ಮಿದರೂ ಬೇಲಿಗೆ ಹಾರುತ್ತದೆ. ಹಿಂದಿನ ವರ್ಷ ಅವನು ಹೀಗೆಯೇ ಕೂಗಿ ಅಟ್ಟುವಾಗ ಒಂದು ಹೆಣ್ಣು ಜಿಂಕೆ ತಂತಿಗೆ ಬಿದ್ದು ಕಾಲು ಮುರಿದುಕೊಂಡಿತು. ಕೀತ್ ಬೈಯಲಿಲ್ಲ. ಎರಡು ತಿಂಗಳ ನಂತರ ಸಿಡ್ನಿಯಿಂದ ಯೋಗೀಶನನ್ನು ಕರೆಸಿಕೊಂಡ. ಬೈದಿದ್ದರೇ ಚೆನ್ನಾಗಿತ್ತು ಎಂದು ಲಕ್ಷ್ಮೀಶನಿಗೆ ಆಮೇಲೆ ಎಷ್ಟೋ ಸಲ ಅನ್ನಿಸಿತು.

ಯೋಗೀಶ ಮೈಸೂರಿನವನು, ಇವನಿಗಿಂತ ಎಂಟು ವರ್ಷ ಚಿಕ್ಕವನು, ಸಿಡ್ನಿಯ ಹೊರಗಿನ ಒಂದು ಜಿಂಕೆ ಫಾರ್ಮಿನಲ್ಲಿ ಪಳಗಿದವನು. ಬಂದ ಮೊದಲ ವಾರವೇ ಜಿಂಕೆ ಶೆಡ್ಡಿನ ಕಿಟಕಿಗಳಿಗೆಲ್ಲ ಕಪ್ಪು ಶೀಟು ಹೊಡೆದ. ಕತ್ತಲಲ್ಲಿ ಜಿಂಕೆಗಳು ಸುಮ್ಮನೆ ನಿಲ್ಲುತ್ತವಂತೆ. ಒಳಗೆ ಹೋಗಿ ಅದೇನೋ ಸಣ್ಣ ದನಿಯಲ್ಲಿ ಗುನುಗುತ್ತಾ ಅವುಗಳ ನಡುವೆ ನಡೆದಾಡುತ್ತಿದ್ದ. ಅವು ಮನೆಯ ಮಕ್ಕಳು ಅಪ್ಪನಿಗೆ ದಾರಿ ಬಿಡುವ ಹಾಗೆ ಪಕ್ಕಕ್ಕೆ ಸರಿಯುತ್ತಿದ್ದವು. ಏಪ್ರಿಲ್‌ನಲ್ಲಿ, ಜಿಂಕೆಗಳ ಬೆದೆಯ ಕಾಲದಲ್ಲಿ, ನ್ಯೂಜಿಲೆಂಡಿನ ಹೆಸರಾಂತ ಗಂಡು ಜಿಂಕೆಯೊಂದರ ವೀರ್ಯ ತರಿಸಿ ಹನ್ನೆರಡು ಹೆಣ್ಣು ಜಿಂಕೆಗಳಿಗೆ ಇಂಜೆಕ್ಷನ್ ಕೊಡಿಸಿದ. ಐದು ಗಬ್ಬ ನಿಂತವು. ಆ ಫಾರ್ಮಿನಲ್ಲಿ ಹಾಗೆ ಆದದ್ದು ಅದೇ ಮೊದಲು. ಕೀತ್ ಕಂಡಕಂಡವರಿಗೆಲ್ಲ "ಯೋಗಿ ಕೈಯಲ್ಲಿ ಐದಕ್ಕೆ ಐದು ಬೆರಳು" ಎಂಬರ್ಥದಲ್ಲಿ ಹಸ್ತ ಚಾಚಿ ತೋರಿಸಿದ್ದೇ ತೋರಿಸಿದ್ದು.

ವರ್ಷಕ್ಕೆ ನೂರೈವತ್ತು ಹಸುಗಳನ್ನು ಗಬ್ಬ ಕಟ್ಟಿಸುವ ಲಕ್ಷ್ಮೀಶ ಪಕ್ಕದಲ್ಲೇ ನಿಂತು ಹುಳ್ಳಗೆ ನಕ್ಕ. ನೂರೈವತ್ತಕ್ಕೆ ಯಾರೂ ಕೈ ಚಾಚಿ ತೋರಿಸಿರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಅವನು ಹಲ್ಲುಕಚ್ಚಿ ಸಹಿಸುತ್ತಿದ್ದನೇನೋ. ಆದರೆ ಕೀತ್‌ಗೆ ಮಂಡಿ ಆಪರೇಷನ್ ಆಗಬೇಕಿತ್ತು. ಕ್ರಿಸ್ಮಸ್ಸಿಗೆ ಮುಂಚೆ ಇಬ್ಬರಲ್ಲಿ ಒಬ್ಬನನ್ನು ಮ್ಯಾನೇಜರ್ ಮಾಡುತ್ತೇನೆ, ಗೇಟಿನ ಬಳಿಯ ಮ್ಯಾನೇಜರ್ ಮನೆಯೂ ಅವನದೇ ಎಂದು ಹೇಳಿದ್ದ. ಅದು ಎರಡು ಸಾವಿರದ ಒಂಬತ್ತರ ನವೆಂಬರ್. ಆರು ವರ್ಷದಿಂದ ಲಕ್ಷ್ಮೀಶ ದಿನಾ ಆ ಮನೆಯ ಮುಂದೆ ಕಾರು ನಿಧಾನ ಮಾಡಿ ಹೋಗುತ್ತಿದ್ದ. ಹಿತ್ತಲಲ್ಲಿ ಎಲ್ಲಿ ಹೀರೆಬಳ್ಳಿ ಹಬ್ಬಿಸಬೇಕೆಂದು ವಸಂತಾ ಕೂಡ ಮನಸ್ಸಿನಲ್ಲೇ ಗುರುತು ಹಾಕಿಟ್ಟಿದ್ದಳು.

ಆ ತಿಂಗಳ ಮೂರನೇ ಭಾನುವಾರ ಕ್ರೇಗಿಬರ್ನ್‌ನ ಸಮುದಾಯ ಭವನದಲ್ಲಿ ಕನ್ನಡದವರ ರಾಜ್ಯೋತ್ಸವ ಇತ್ತು. ಊಟಕ್ಕೆ ಕೂತಾಗ ಮಾತು ಗಿಣ್ಣಿಗೆ ಬಂತು. ಬಂದೇ ಬರುತ್ತದೆ. ಯಾವ ಅಂಗಡಿಯಲ್ಲೂ ಸಿಗದ ಪದಾರ್ಥ ಅದೊಂದೇ. ಪ್ರತಿ ವರ್ಷ ಆಗಸ್ಟ್‌ನಲ್ಲಿ ಹಸುಗಳು ಸಾಲಾಗಿ ಕರು ಹಾಕುವಾಗ, ಕರುಗಳಿಗೆ ಕುಡಿಸಿ ಮಿಕ್ಕ ಗಿಣ್ಣುಹಾಲನ್ನು ಲಕ್ಷ್ಮೀಶ ಮನೆಗೆ ತರುತ್ತಿದ್ದ. ವಸಂತಾ ಬೆಲ್ಲ, ಏಲಕ್ಕಿ ಹಾಕಿ ಆವಿಯಲ್ಲಿ ಬೇಯಿಸುತ್ತಿದ್ದಳು. ಕ್ಲೈಡ್ ನಾರ್ತ್‌ನಿಂದ, ಅಂದರೆ ಊರಿನ ಆ ತುದಿಯಿಂದ, ಜನ ಒಂದೊಂದು ತುಂಡಿಗೆ ಬಂದು ಹೋದದ್ದುಂಟು. ಐಟಿಯವರ ನಡುವೆ ಸಗಣಿ ಬಾಚುವವನಿಗೆ ಮರ್ಯಾದೆ ತಂದುಕೊಟ್ಟದ್ದು ಆ ಗಿಣ್ಣೇ.

"ಯೋಗೀಶ್, ನೀವೂ ಅದೇ ಫಾರ್ಮ್ ಅಲ್ವಾ? ಸ್ವಲ್ಪ ಗಿಣ್ಣುಹಾಲು ಅರೇಂಜ್ ಮಾಡ್ರಿ," ಎಂದರು ಬ್ಯಾಂಕಿನ ಮೂರ್ತಿಗಳು.

"ಈಗೆಲ್ಲಿ ಬರ್ಬೇಕು ಸಾರ್? ಸೀಸನ್ ಮುಗೀತು. ಇನ್ನು ಮುಂದಿನ ಆಗಸ್ಟೇ," ಎಂದ ಯೋಗೀಶ.

ಅವನನ್ನು ಕೇಳಿದರಲ್ಲ! ಆರು ವರ್ಷ ತಿನ್ನಿಸಿದವನು ಎದುರಿಗೇ ಕೂತಿರುವಾಗ, ಅವನನ್ನು! ಲಕ್ಷ್ಮೀಶನ ಬಾಯಿ ಅವನ ಹಿಡಿತಕ್ಕೆ ಸಿಗಲಿಲ್ಲ.

"ಯಾಕೆ ಸಿಗಲ್ಲ? ಈ ವಾರದಲ್ಲಿ ನಾನು ತಂದುಕೊಡ್ತೀನಿ ಬಿಡಿ," ಎಂದ.

ಎಲ್ಲಿಂದ ತರುವುದೆಂದು ಹೇಳುವಾಗಲೇ ಅವನಿಗೆ ಗೊತ್ತಿತ್ತು. ಹಾಲಿನ ಶೆಡ್ಡಿನ ಫ್ರೀಜರಿನಲ್ಲಿ ಆಗಸ್ಟ್‌ನ ಗಿಣ್ಣುಹಾಲು ನಾಲ್ಕು ಬಾಟಲಿ ಗಟ್ಟಿಯಾಗಿ ಕೂತಿತ್ತು. ರಕ್ತ ಪರೀಕ್ಷೆಯಾಗಿ ರೋಗವಿಲ್ಲವೆಂದು ಖಚಿತವಾದ ಹಸುವಿನದು. ಮರಿ ಹಾಕುವಾಗ ತಾಯಿ ಜಿಂಕೆಗೆ ಏನಾದರೂ ಆದರೆ ಮರಿಗೆ ಇರಲಿ ಎಂದು ಯೋಗೀಶ ತೆಗೆದಿಟ್ಟಿದ್ದ. ಬಾಟಲಿಗಳ ಮೇಲೆ ಚೀಟಿ ಅಂಟಿಸಿ ದುಂಡಗಿನ ಅಕ್ಷರದಲ್ಲಿ ಬರೆದಿದ್ದ: "ಜಿಂಕೆ ಮರಿಗೆ. ಮುಟ್ಟಬಾರದು."

ಕನ್ನಡದಲ್ಲಿ ಬರೆದಿದ್ದ. ಆ ಫಾರ್ಮಿನಲ್ಲಿ ಅವನನ್ನು ಬಿಟ್ಟರೆ ಕನ್ನಡ ಓದಲು ಬರುತ್ತಿದ್ದದ್ದು ಲಕ್ಷ್ಮೀಶನೊಬ್ಬನಿಗೇ. ಅಂದರೆ ಅದು ಕಳ್ಳನಿಗೆ ಮುಂಚಿತವಾಗಿ ಕೊಟ್ಟ ಎಚ್ಚರಿಕೆ, ನೇರ ತನ್ನ ಮುಖಕ್ಕೆ! ಆಗಸ್ಟ್‌ನಿಂದಲೂ ಫ್ರೀಜರಿನ ಬಾಗಿಲು ತೆಗೆದಾಗಲೆಲ್ಲ ಅವನಿಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ಬುಧವಾರ ಸಂಜೆ ನಾಲ್ಕನ್ನೂ ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದ. ಹಿಂದಿನ ವರ್ಷ ಒಂದು ಮರಿಗೂ ಬೇಕಾಗಿರಲಿಲ್ಲ, ಈ ವರ್ಷ ಯಾಕೆ ಬೇಕಾದೀತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

"ಇದೇನ್ರೀ ಚೀಟಿ? ಜಿಂಕೆ ಮರಿಗೆ ಅಂತಿದೆ," ಎಂದಳು ವಸಂತಾ.

"ಹಳೇದು. ಎಸೆಯೋಕೆ ಇಟ್ಟಿದ್ರು," ಎಂದವನೇ ಚೀಟಿಗಳನ್ನು ಕೆರೆದು ತೆಗೆಯಲು ನೋಡಿದ. ಮಂಜುಗಟ್ಟಿದ ಕಾಗದ ಪೂರ್ತಿ ಬರಲಿಲ್ಲ.

ಗುರುವಾರ ಮೂರು ಬಾಟಲಿ ಗಿಣ್ಣಾಗಿ ಒಂಬತ್ತು ಮನೆಗೆ ಹೋಯಿತು. ಮೂರ್ತಿಗಳು ಫೋನ್ ಮಾಡಿ, "ನೀವೇ ನೀವು ಲಕ್ಷ್ಮೀಶ್!" ಎಂದರು. ಅವತ್ತು ಅವನಿಗೆ ಬಹಳ ದಿನದ ಮೇಲೆ ಕಣ್ತುಂಬ ನಿದ್ದೆ ಬಂತು.

ಶನಿವಾರ ಬೆಳಿಗ್ಗೆ ಹಾಲು ಕರೆದು ಮುಗಿಸುವ ಹೊತ್ತಿಗೆ ಜಿಂಕೆಗಳ ಕಡೆಯಿಂದ ಯೋಗೀಶ ಓಡಿ ಬಂದ. ಅವನು ಓಡಿದ್ದನ್ನು ಲಕ್ಷ್ಮೀಶ ನೋಡಿದ್ದು ಅದೇ ಮೊದಲು. ತೋಳಿನಲ್ಲಿ ಟವೆಲ್ ಸುತ್ತಿದ ಒದ್ದೆ ಮರಿ, ಮೈತುಂಬ ಬಿಳಿ ಚುಕ್ಕೆ. ಐದರಲ್ಲಿ ಮೊದಲು ಹುಟ್ಟಿದ್ದು, ಹೆಣ್ಣು. ತಾಯಿ ರಕ್ತ ಹರಿದು ಆಗಲೇ ಸತ್ತಿತ್ತು.

"ಅಣ್ಣಾ, ಸ್ವಲ್ಪ ಹಿಡ್ಕೊಳಿ," ಎಂದು ಮರಿಯನ್ನು ಇವನ ಕೈಗಿಟ್ಟು ಫ್ರೀಜರ್ ಕಡೆ ಹೋದ. ಬಾಗಿಲು ತೆಗೆದ ಸದ್ದು ಬಂತು. ಆಮೇಲೆ ಒಳಗಿದ್ದುದನ್ನೆಲ್ಲ ಒಂದೊಂದಾಗಿ ಸರಿಸಿ ಹುಡುಕುವ ಸದ್ದು.

ಕೀತ್ ಕೋಲೂರಿಕೊಂಡು ಬಂದು ನಿಂತ. ಗಿಣ್ಣುಹಾಲು ಎಲ್ಲಿ ಎಂದು ಕೇಳಿದ. ನಾಲ್ಕು ಬಾಟಲಿ ಇಟ್ಟಿದ್ದೆ, ಈಗ ಇಲ್ಲ ಎಂದ ಯೋಗೀಶ. ಇಟ್ಟಿದ್ದರೆ ಇರುತ್ತಿತ್ತು ಎಂದ ಕೀತ್. ಹುಟ್ಟಿದ ಆರು ಗಂಟೆಯೊಳಗೆ ಮರಿಯ ಹೊಟ್ಟೆಗೆ ಗಿಣ್ಣುಹಾಲು ಬೀಳದಿದ್ದರೆ ರೋಗ ತಡೆಯುವ ಶಕ್ತಿಯೇ ಬರುವುದಿಲ್ಲ, ವಾರದಲ್ಲಿ ಸಾಯುತ್ತದೆ. ಮೂವರಿಗೂ ಅದು ಗೊತ್ತಿತ್ತು. ಸುತ್ತಲಿನ ಯಾವ ಫಾರ್ಮಿನಲ್ಲೂ ಈಗ ಕರು ಹಾಕುವ ಹಸು ಇರಲಿಲ್ಲ. ಕೀತ್ ಯೋಗೀಶನ ಮುಖ ನೋಡಿದ. ಒಂದು ವರ್ಷದಲ್ಲಿ ಮೊದಲ ಸಲ ಆ ನೋಟದಲ್ಲಿ ಮೆಚ್ಚುಗೆ ಇರಲಿಲ್ಲ. "ಇದನ್ನು ನಿನ್ನಿಂದ ನಿರೀಕ್ಷಿಸಿರಲಿಲ್ಲ" ಎಂದಷ್ಟೇ ಹೇಳಿ, ಪಶುವೈದ್ಯರಿಗೆ ಫೋನ್ ಮಾಡಲು ಮನೆಯ ಕಡೆ ಹೋದ.

ಲಕ್ಷ್ಮೀಶ ಬಯಸಿದ್ದು ತಾನಾಗಿ ಬಂದು ಕಾಲ ಬುಡದಲ್ಲಿ ಬಿದ್ದಿತ್ತು. ಇನ್ನು ಏನೂ ಮಾಡಬೇಕಿರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ಮ್ಯಾನೇಜರ್ ಮನೆ, ಹೀರೆಬಳ್ಳಿ, ಎಲ್ಲವೂ ಬರುತ್ತಿತ್ತು. ಅವನಿಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಬೇಕು, ಖುಷಿಯೇ ಆಯಿತು.

ಆದರೆ ಕೈಯಲ್ಲಿ ಮರಿ ಇತ್ತು. ಹುಟ್ಟಿದ ಕರುವನ್ನು ಕೈಗೆತ್ತಿಕೊಂಡರೆ ಅದರ ಬಾಯಿಗೆ ಹೆಬ್ಬೆರಳು ಕೊಟ್ಟು ನೋಡುವುದು ಅವನಿಗೆ ಇಪ್ಪತ್ತು ವರ್ಷದ ಅಭ್ಯಾಸ. ಚೀಪುವ ಕರು ಬದುಕುತ್ತದೆ, ಚೀಪದ್ದು ಇಲ್ಲ. ಯೋಚಿಸದೆಯೇ ಹೆಬ್ಬೆರಳು ಕೊಟ್ಟ. ಮರಿ ಅದನ್ನು ಗಬಕ್ಕನೆ ಹಿಡಿದು ಎಳೆಯತೊಡಗಿತು. ಬೆರಳಿನಲ್ಲಿ ಏನೂ ಬರದಿದ್ದರೂ ಬಿಡದೆ ಎಳೆಯಿತು. ಬದುಕುವ ಮರಿ ಅದು. ಅದರ ಪಾಲಿನ ಹಾಲು ಮೂರ್ತಿಗಳ ಮನೆಯಲ್ಲಿ ಬೆಲ್ಲದ ಜೊತೆ ಬೆಂದು ಖರ್ಚಾಗಿತ್ತು.

ಮರಿಯನ್ನು ಹುಲ್ಲಿನ ಮೇಲೆ ಮಲಗಿಸಿ ಶೆಡ್ಡಿನ ಹಿಂದೆ ಹೋಗಿ ವಸಂತಾಳಿಗೆ ಫೋನ್ ಮಾಡಿದ.

"ಒಂದು ಬಾಟಲ್ ಉಳಿದಿತ್ತಲ್ಲ, ಬೇಯಿಸಿಬಿಟ್ಟೆಯಾ?"

"ಇಲ್ಲ ರೀ. ನಿನ್ನೆ ಸಂಯುಕ್ತಾಗೆ ಕೊಟ್ಟೆ. ಇವತ್ತು ಸಿಡ್ನಿಗೆ ಹೋಗ್ತಾ ಇದಾಳಲ್ಲ, ಅವಳ ಅಕ್ಕನ ಸೀಮಂತಕ್ಕೆ. ಅಕ್ಕ ಗಿಣ್ಣು ಬೇಕು ಅಂತ ಬಯಸ್ತಿದ್ಲಂತೆ. ಹನ್ನೊಂದಕ್ಕೆ ಫ್ಲೈಟ್ ಅಂದ್ಲು."

ಸಂಯುಕ್ತಾ ಯೋಗೀಶನ ಹೆಂಡತಿ. ಲಕ್ಷ್ಮೀಶನಿಗೆ ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಯಿತು. ಗಂಟೆ ಆಗಲೇ ಒಂಬತ್ತು. ಅವಳ ನಂಬರ್ ವಸಂತಾಳ ಬಳಿಯೇ ಇತ್ತು, ಕೇಳಬಹುದಿತ್ತು. ಆದರೆ ಅವಳಿಗೆ ಹೇಳಿದ್ದು ಅರ್ಧ ನಿಮಿಷದಲ್ಲಿ ಗಂಡನಿಗೆ ಮುಟ್ಟುತ್ತದೆ. ಅವನು ಹೆಂಡತಿಯ ಬಾಯಲ್ಲಿ ಕೇಳುವುದಕ್ಕಿಂತ ತಾನೇ ಹೇಳುವುದು ಮೇಲು ಎಂದು ಒಳಗೆ ಬಂದ. ಯೋಗೀಶ ಮರಿಯನ್ನು ಟವೆಲ್ಲಿನಿಂದ ಉಜ್ಜುತ್ತಾ ಕೂತಿದ್ದ.

"ಯೋಗೀಶ, ಗಿಣ್ಣುಹಾಲು ನಾನೇ ತಗೊಂಡು ಹೋದೆ. ಮೂರು ಬಾಟಲ್ ಖರ್ಚಾಯ್ತು. ಒಂದು ನಿನ್ನ ಹೆಂಡತಿ ಹತ್ರ ಇದೆ. ಏರ್‌ಪೋರ್ಟ್‌ನಲ್ಲಿ."

ಯೋಗೀಶ ತಲೆಯೆತ್ತಿ ನೋಡಿದ. ಬೈಯುತ್ತಾನೆಂದು ಲಕ್ಷ್ಮೀಶ ಕಾದ. ಅವನು ಫೋನ್ ತೆಗೆದು ಹೆಂಡತಿಗೆ ಹಚ್ಚಿ, "ಸಂಯುಕ್ತಾ, ಐಸ್ ಬಾಕ್ಸ್ ಚೆಕ್‌ಇನ್ ಮಾಡ್ಬೇಡ. ಹೊರಗೆ ಬಂದು ನಿಂತ್ಕೋ. ಅಣ್ಣ ಬರ್ತಾರೆ," ಎಂದ. ಇವನ ಕಡೆ ತಿರುಗಿ, "ದಾರಿ ನಲವತ್ತು ನಿಮಿಷ ಅಣ್ಣ. ಹೋಗಿ," ಎಂದ. ಅಷ್ಟೇ.

ಟಲ್ಲಮರೀನ್ ವಿಮಾನ ನಿಲ್ದಾಣದ ಗಾಜಿನ ಬಾಗಿಲ ಹೊರಗೆ ಸಂಯುಕ್ತಾ ರೇಷ್ಮೆ ಸೀರೆಯಲ್ಲಿ, ಕೈಯಲ್ಲಿ ನೀಲಿ ಐಸ್ ಬಾಕ್ಸ್ ಹಿಡಿದು ನಿಂತಿದ್ದಳು. ಬಾಟಲಿ ಹೊರತೆಗೆದು ಕೊಡುವಾಗ ಅರ್ಧ ಹರಿದ ಚೀಟಿಯ ಮೇಲೆ ಬೆರಳಿಟ್ಟಳು.

"ಇದು ನಮ್ಮನೆಯವರ ಅಕ್ಷರ ಅಂತ ನಿನ್ನೇನೇ ಅನ್ನಿಸ್ತು ಅಣ್ಣ. ಅವರು ಕನ್ನಡದಲ್ಲಿ ಬರೆಯೋಕೆ ಕಾರಣ ಹುಡುಕ್ತಾ ಇರ್ತಾರೆ. ಮನೇಲಿ ಉಪ್ಪಿನ ಡಬ್ಬಿ ಮೇಲೂ 'ಮುಟ್ಟಬಾರದು' ಅಂತ ಬರೆದಿದಾರೆ," ಎಂದು ನಕ್ಕಳು.

ಕಾರಿನಲ್ಲಿ ವಾಪಸ್ಸು ಬರುವಾಗ ಆ ಉಪ್ಪಿನ ಡಬ್ಬಿ ಲಕ್ಷ್ಮೀಶನ ತಲೆಯಲ್ಲೇ ಕೂತಿತ್ತು. ಮೂರು ತಿಂಗಳು ಅವನು ಉರಿದುಕೊಂಡದ್ದು ಒಂದು ತಮಾಷೆಗೆ.

ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿಟ್ಟು ಕರಗಿಸಿದರು. ಅವಸರಕ್ಕೆ ಬಿದ್ದು ಬಿಸಿನೀರಿಗೆ ಹಾಕಿದರೆ ಅದರ ಶಕ್ತಿಯೆಲ್ಲ ಹೋಗುತ್ತದೆ. ಹನ್ನೊಂದಕ್ಕೆ ಐದು ನಿಮಿಷವಿರುವಾಗ ಮರಿ ಮೊದಲ ಗುಟುಕು ಕುಡಿಯಿತು. ಕೀತ್ ಬಂದು, ಇದೆಲ್ಲಿಂದ ಬಂತೆಂದು ಕೇಳಿದ.

ಲಕ್ಷ್ಮೀಶ ಬಾಯಿ ತೆರೆಯುವ ಮುಂಚೆಯೇ ಯೋಗೀಶ ಹೇಳಿಬಿಟ್ಟ: ಇಲ್ಲಿ ಇಟ್ಟಿದ್ದನ್ನು ನಾನೇ ಎಲ್ಲೋ ಹಾಳುಮಾಡಿದೆ, ಪುಣ್ಯಕ್ಕೆ ಲಕ್ಷ್ಮೀಶ್ ಆಪತ್ತಿಗೆ ಇರಲಿ ಎಂದು ಒಂದು ಬಾಟಲಿ ಬೇರೆ ಕಡೆ ಇಟ್ಟಿದ್ದರು.

ಕೀತ್ ಲಕ್ಷ್ಮೀಶನ ಬೆನ್ನು ತಟ್ಟಿದ. ಆರು ವರ್ಷದಲ್ಲಿ ಎಂದೂ ಅಷ್ಟು ಜೋರಾಗಿ ತಟ್ಟಿರಲಿಲ್ಲ. ಲಕ್ಷ್ಮೀಶ ಸುಮ್ಮನೆ ತಟ್ಟಿಸಿಕೊಂಡ.

ಸಂಜೆ ಅವನು ಯೋಗೀಶನನ್ನು ಕೇಳಿದ: "ಯಾಕೋ ಹಂಗೆ ಹೇಳ್ದೆ?"

"ನಿಜ ಹೇಳಿದ್ರೆ ನಿಮ್ಮನ್ನ ಕಳಿಸ್ಬಿಡ್ತಾರೆ ಅಣ್ಣ. ಮರಿ ಉಳೀತಲ್ಲ, ಬಿಡಿ."

ಬಿಡುವುದು ಅವನಿಗೆ ಸುಲಭವಾಗಿತ್ತು. ಲಕ್ಷ್ಮೀಶನಿಗೆ ಮುಂದಿನ ಮೂರು ವಾರ ಅನ್ನ ಸೇರಲಿಲ್ಲ.

ಡಿಸೆಂಬರ್ ಮಧ್ಯದಲ್ಲಿ ಸಿಡ್ನಿಯಲ್ಲಿ ಜಿಂಕೆ ಸಾಕುವವರ ಸಭೆ. ಕೀತ್ ಕರೆದುಕೊಂಡು ಹೋದದ್ದು ಲಕ್ಷ್ಮೀಶನನ್ನು. ಸಭೆ ಮುಗಿದ ಮೇಲೆ ಸಂಯುಕ್ತಾಳ ಅಕ್ಕ ನಿಹಾರಿಕಾ ಇಬ್ಬರನ್ನೂ ಸಿಡ್ನಿ ಅಂಚಿನ ದಿ ಪಾಂಡ್ಸ್ ಬಡಾವಣೆಯ ತನ್ನ ಹೊಸ ಮನೆಗೆ ಊಟಕ್ಕೆ ಕರೆದಿದ್ದಳು. ಸುತ್ತ ಅರ್ಧ ಕಟ್ಟಿದ ಮನೆಗಳು, ಇನ್ನೂ ಹುಲ್ಲು ಹಿಡಿಯದ ಅಂಗಳಗಳು. ತುಂಬು ಗರ್ಭಿಣಿ ತಾನೇ ನಿಂತು ಬಡಿಸಿದಳು.

"ನನ್ನ ಪಾಲಿನ ಗಿಣ್ಣು ಹೋದ್ರೂ ಬೇಜಾರಿಲ್ಲ ಅಣ್ಣ. ಯೋಗೀಶ್ ಎಲ್ಲ ಹೇಳಿದ್ರು. ನೀವು ಮುಂದಾಲೋಚನೆ ಮಾಡಿ ಇಟ್ಟಿದ್ದಕ್ಕೆ ಒಂದು ಜೀವ ಉಳೀತಂತೆ," ಎಂದಳು.

ಇಲ್ಲಿಗೂ ಮುಟ್ಟಿಸಿದ್ದಾನೆ! ಲಕ್ಷ್ಮೀಶ ಕಲಸಿದ ಅನ್ನವನ್ನು ತಟ್ಟೆಯಲ್ಲೇ ಬಿಟ್ಟು ನೀರು ಕುಡಿದ.

ವಿಮಾನ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ, ಬಾಡಿಗೆ ಕಾರು ಓಡಿಸುತ್ತಾ ಕೀತ್ ಹೇಳಿದ: ನಾನು ತೀರ್ಮಾನ ಮಾಡಿಯಾಯಿತು. ಕೆಲಸ ಯೋಗಿಗೂ ಬರುತ್ತದೆ, ನಿನಗೂ ಬರುತ್ತದೆ. ಆದರೆ ಕೆಡುಕನ್ನು ಮುಂಚೆಯೇ ಯೋಚಿಸಿ ಒಂದು ಬಾಟಲಿ ತೆಗೆದಿಡುವವನೇ ಮ್ಯಾನೇಜರ್. ಕ್ರಿಸ್ಮಸ್ಸಿಗೆ ಮನೆ ಬದಲಾಯಿಸಿಕೋ.

ಬೇಕಾದದ್ದು ಬಂತು. ಲಕ್ಷ್ಮೀಶ ಕಿಟಕಿಯಾಚೆ ನೋಡಿದ. ಆ ಮನೆಯಲ್ಲಿ ಕೂತು ತಾನು ಪ್ರತಿ ದಿನ ಯೋಗೀಶನಿಗೆ ಕೆಲಸ ಹೇಳುವುದು, ಅವನು "ಆಯ್ತಣ್ಣ" ಎಂದು ನಗುನಗುತ್ತಾ ಹೋಗುವುದು ಕಣ್ಣಿಗೆ ಕಟ್ಟಿತು. ಮನೆ ಅವನು ಕೊಟ್ಟದ್ದು. ಹುದ್ದೆ ಅವನು ಹಾಕಿದ ಭಿಕ್ಷೆ. ಜಿಂಕೆಯಲ್ಲಿ ಗೆದ್ದ, ಒಳ್ಳೆಯತನದಲ್ಲೂ ಗೆದ್ದ, ಈಗ ನನ್ನ ಮನೆಯ ಹೀರೆಬಳ್ಳಿಯಲ್ಲೂ ಅವನೇ ಗೆಲ್ಲಬೇಕೇ? ಲಕ್ಷ್ಮೀಶನ ಹೊಟ್ಟೆಯೊಳಗಿನ ಬೆಂಕಿ ಆ ಒಂದು ವರ್ಷದಲ್ಲಿ ಎಂದೂ ಅಷ್ಟು ಎತ್ತರ ಎದ್ದಿರಲಿಲ್ಲ. ಕೊನೆಗೆ ಬಾಯಿ ತೆರೆಸಿದ್ದು ಅದೇ ಬೆಂಕಿ.

"ಕೀತ್, ಆ ಬಾಟಲಿ ನಾನು ಕದ್ದದ್ದು. ನಾಲ್ಕನ್ನೂ ನಾನೇ ಕದ್ದೆ. ಯೋಗಿ ನನಗೋಸ್ಕರ ಸುಳ್ಳು ಹೇಳಿದ."

ಕೀತ್ ಕಾರಿನ ವೇಗ ಇಳಿಸಿ ಪಕ್ಕದ ಸಾಲಿಗೆ ತಂದ. ಆಮೇಲೆ, ಯಾಕೆ ಸುಳ್ಳು ಹೇಳಿದ ಎಂದು ಕೇಳಿದ.

"ಅವನು ಒಳ್ಳೆಯವನು," ಎಂದ ಲಕ್ಷ್ಮೀಶ. ಹಲ್ಲು ಕೀಳಿಸಿಕೊಂಡಷ್ಟು ನೋವಾಯಿತು.

ಕೀತ್ ಅವನನ್ನು ಕೆಲಸದಿಂದ ತೆಗೆಯಲಿಲ್ಲ. ಹಸುಗಳು ನಿನ್ನ ಕೈಯಲ್ಲೇ ಇರಲಿ, ಮ್ಯಾನೇಜರ್ ಯೋಗಿ, ಫ್ರೀಜರಿಗೆ ಬೀಗ ಎಂದ. ವಿಮಾನದಲ್ಲಿ ಇಬ್ಬರೂ ಬೇರೆಬೇರೆ ಸಾಲಿನಲ್ಲಿ ಕೂತರು. ಲಕ್ಷ್ಮೀಶನಿಗೆ ಅಳು ಬರಬೇಕಿತ್ತು, ಬರಲಿಲ್ಲ. ಯೋಗೀಶ ಸುಳ್ಳು ಹೇಳಿದ್ದ, ತಾನು ನಿಜ ಹೇಳಿದ್ದ. ಒಂದು ವಿಷಯದಲ್ಲಾದರೂ ಅವನಿಗಿಂತ ಒಂದು ಮೆಟ್ಟಿಲು ಮೇಲೆ ನಿಂತೆ ಎಂದುಕೊಂಡು, ಕೊಟ್ಟ ಬಿಸ್ಕತ್ತನ್ನು ಪೂರ್ತಿ ತಿಂದ.

ವಸಂತಾ ಎರಡು ದಿನ ಮಾತು ಬಿಟ್ಟಳು. ಮೂರನೇ ದಿನ ಹೀರೆ ಬೀಜವನ್ನು ಬಾಡಿಗೆ ಮನೆಯ ಹಿತ್ತಲಲ್ಲೇ ಊರಿದಳು.

ಯೋಗೀಶ, ಸಂಯುಕ್ತಾ ಗೇಟಿನ ಬಳಿಯ ಮನೆಗೆ ಬಂದ ದಿನ, ಸಂಜೆ ಹಾಲು ಕರೆಯುವ ಹೊತ್ತಿಗೆ ಹೊಸ ಮ್ಯಾನೇಜರ್ ಜಿಂಕೆ ಮರಿಯನ್ನು ನೋಡಲು ಬಂದ. ತಿಂಗಳಿಂದ ಅದಕ್ಕೆ ದಿನಕ್ಕೆ ಐದು ಸಲ ಬಾಟಲಿ ಹಿಡಿಯುತ್ತಿದ್ದವನು ಲಕ್ಷ್ಮೀಶ. ಹಾಲು ಅವನ ಶೆಡ್ಡಿನಲ್ಲಿತ್ತಲ್ಲ, ಅದಕ್ಕೆ. ಯೋಗೀಶ ಬೇಲಿಯ ಪಕ್ಕ ಮಂಡಿಯೂರಿ, ತೊಂಬತ್ತು ಜಿಂಕೆಗಳನ್ನು ಪಳಗಿಸಿದ ಅದೇ ಸಣ್ಣ ದನಿಯಲ್ಲಿ ಗುನುಗಿದ. ಮರಿ ಕಿವಿ ನಿಮಿರಿಸಿ ಅವನನ್ನು ನೋಡಿತು. ಆಮೇಲೆ ತಿರುಗಿ, ಸಗಣಿ ಮೆತ್ತಿದ ಬೂಟಿನಲ್ಲಿ ನಿಂತಿದ್ದ ಲಕ್ಷ್ಮೀಶನ ಬಳಿಗೆ ಓಡಿ ಬಂದು ಅವನ ಹೆಬ್ಬೆರಳನ್ನು ಬಾಯಿಗೆ ಹಾಕಿಕೊಂಡಿತು.

"ನಿಮ್ಮನ್ನ ಬಿಟ್ಟು ಯಾರ ಹತ್ರಾನೂ ಹೋಗಲ್ಲ ಅಲ್ವಾ ಅಣ್ಣ?" ಎಂದು ಯೋಗೀಶ ನಕ್ಕ.

ಬಾಯಿ ನಗುತ್ತಿತ್ತು, ಕಣ್ಣು ಆ ಹೆಬ್ಬೆರಳಿನ ಮೇಲೇ ನೆಟ್ಟಿತ್ತು. ಅಂಥ ನಗು ಲಕ್ಷ್ಮೀಶನಿಗೆ ಚೆನ್ನಾಗಿ ಗೊತ್ತಿತ್ತು. ಇಡೀ ಒಂದು ವರ್ಷ ತಾನೂ ಅದೇ ನಗು ನಕ್ಕಿದ್ದ. ಅವನು ಇನ್ನೊಂದು ಕೈಯಲ್ಲಿದ್ದ ಹಾಲಿನ ಬಾಟಲಿಯನ್ನು ಯೋಗೀಶನ ಕಡೆ ಚಾಚಿದ.

"ತಗೋ, ಇವತ್ತು ನೀನು ಕುಡಿಸು," ಎಂದ.